ಬೆಣ್ಣೆಯೋ, ಕತ್ತೆಯೋ?

ಪ್ರಶ್ನೆ: ಇಟಾಲಿಯನ್‌ನಲ್ಲಿ ‘ಬುರ್ರೊ’ ಅಂದರೆ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಬೆಣ್ಣೆ ಕತ್ತೆಯಾಗಿದ್ದು ಹೇಗೆ?

ಉತ್ತರ: ಆಗಲೇ ಇಲ್ಲ! ಎರಡರ ಬೇರೂ ಬೇರೆ. ಬೆಣ್ಣೆಯ ಮೂಲ ಗ್ರೀಕಿನ ‘ಬೂಟಿರೊನ್’. ‘ಬೂಸ್’ ಅಂದರೆ ಹಸು, ‘ಟೀರೋಸ್’ ಅಂದರೆ ಚೀಸ್. ಅದು ಲ್ಯಾಟಿನ್‌ಗೆ ‘ಬುಟೀರುಮ್’ ಆಗಿ ಬಂತು, ಹಳೆಯ ಫ್ರೆಂಚಿನಲ್ಲಿ ಸವೆದು ‘ಬುರ್’ ಆಯಿತು. ಇಟಲಿಯವರು ಅಲ್ಲಿಂದ ಎತ್ತಿಕೊಂಡರು. ಇಂಗ್ಲಿಷಿನ ಬಟರ್ ಕೂಡ ಇದೇ ಮನೆಯದು.

ಕತ್ತೆಯ ಕಥೆಯೇ ನನಗೆ ಜಾಸ್ತಿ ಇಷ್ಟ. ಲ್ಯಾಟಿನ್‌ನಲ್ಲಿ ‘ಬುರ್ರಿಕುಸ್’ ಅಂದರೆ ಸಣ್ಣ ಕುದುರೆ. ಸ್ಪ್ಯಾನಿಷ್‌ನಲ್ಲಿ ಅದು ‘ಬೊರ್ರಿಕೊ’ ಆಗಿ, ಬಾಲ ಕತ್ತರಿಸಿಕೊಂಡು ‘ಬುರ್ರೊ’ ಆಯಿತು. ಪಾಪ, ಕುದುರೆ ಹೋಗಿ ಕತ್ತೆ! ದಡ್ಡನನ್ನು ಬೈಯಲೂ ಇದೇ ಪದ. ಕತ್ತೆಗೆ ಅಲ್ಲೂ ಮರ್ಯಾದೆ ಇಲ್ಲ, ಅಲ್ವಾ? ಸ್ಪೇನಿನಲ್ಲಿ ಬೆಣ್ಣೆ ಬೇಕಾದರೆ ‘ಮಾಂತೆಕೀಯಾ’ ಕೇಳಿ.