ಬಾಲ ತಲೆಗೆ ಅಂಟಿದಾಗ

ಪ್ರಶ್ನೆ: ಆರ್‌ಎನ್‌ಎ ಅಂದರೆ ಉದ್ದನೆಯ ಎಳೆ ಎಂದು ಓದಿದ್ದೆ. ಮನುಷ್ಯರ ಜೀವಕೋಶದಲ್ಲಿ ಉಂಗುರದಂಥ ಆರ್‌ಎನ್‌ಎಯೂ ಇದೆಯಂತೆ. ಎಳೆ ಉಂಗುರ ಆಗುವುದು ಹೇಗೆ? ಏನಾದರೂ ತಪ್ಪಾಗಿ ಹಾಗಾಗುತ್ತದೆಯೇ?

ಉತ್ತರ: ನೀವು ಕೊನೆಗೆ ಕೇಳಿದ್ದೇ ನನ್ನ ಅನುಮಾನವೂ ಆಗಿತ್ತು. ಪ್ರಯೋಗಾಲಯದಲ್ಲಿ ಮೊದಲ ಸಲ ಇಂಥ ಆರ್‌ಎನ್‌ಎಯ ಅಕ್ಷರಗಳನ್ನು ಓದುತ್ತಾ ಕೂತಿದ್ದೆ. ಎಚ್‌ಐಪಿಕೆ3 ಎಂಬ ಜೀನ್‌ನದು. ಎರಡನೇ ಎಕ್ಸಾನ್ (ಆರ್‌ಎನ್‌ಎಯಲ್ಲಿ ಉಳಿಸಿಕೊಳ್ಳುವ ತುಂಡು) ಮುಗಿಯಿತು. ಮೂರನೆಯದು ಬರಬೇಕಿತ್ತು, ಆದರೆ ಎರಡನೆಯದೇ ಮತ್ತೆ ಮೊದಲಿಂದ ಶುರುವಾಯಿತು. ಮಾದರಿ ಕೆಟ್ಟಿರಬೇಕು ಅಂದುಕೊಂಡು ಎಲ್ಲವನ್ನೂ ಹೊಸದಾಗಿ ಮಾಡಿದೆ. ಮತ್ತೆ ಅದೇ ಬಂತು. ಕೊನೆಗೆ ಆರ್‌ನೇಸ್ ಆರ್ ಎಂಬ ಕಿಣ್ವ ಹಾಕಿ ನೋಡಿದೆ. ಅದು ಆರ್‌ಎನ್‌ಎಯನ್ನು ತುದಿಯಿಂದ ತಿನ್ನುತ್ತಾ ಬರುತ್ತದೆ. ನೆಟ್ಟಗಿನ ಎಳೆಗಳು ಬಹುಪಾಲು ಹೋದವು, ಇದು ಉಳಿಯಿತು. ತುದಿಯೇ ಇರಲಿಲ್ಲ!

ಡಿಎನ್‌ಎಯಿಂದ ಆಗತಾನೇ ನಕಲಾದ ಆರ್‌ಎನ್‌ಎಯಲ್ಲಿ ಉಳಿಸಿಕೊಳ್ಳುವ ತುಂಡುಗಳಿರುತ್ತವೆ, ಅವು ಎಕ್ಸಾನ್. ನಡುನಡುವೆ ತೆಗೆದುಹಾಕುವ ತುಂಡುಗಳು ಇಂಟ್ರಾನ್. ಸ್ಪ್ಲೈಸಿಯೋಸೋಮ್ ಎಂಬ ಯಂತ್ರ ಇಂಟ್ರಾನನ್ನು ಕತ್ತರಿಸಿ, ಒಂದು ಎಕ್ಸಾನ್‌ನ ಬಾಲವನ್ನು ಮುಂದಿನದರ ತಲೆಗೆ ಬೆಸೆಯುತ್ತದೆ. ಉಂಗುರವನ್ನು ಮಾಡುವುದೂ ಇದೇ ಯಂತ್ರ. ಕತ್ತರಿಸುವ ಗುರುತುಗಳೂ ಅವೇ. ಆದರೆ ಬಾಲ ಹಿಂದಕ್ಕೆ ತಿರುಗಿ ತನ್ನದೇ ತಲೆಗೋ, ಹಿಂದಿನ ಇನ್ನೊಂದು ಎಕ್ಸಾನ್‌ನ ತಲೆಗೋ ಅಂಟಿಕೊಳ್ಳುತ್ತದೆ. ಇದು ಬ್ಯಾಕ್‌ಸ್ಪ್ಲೈಸಿಂಗ್.

ಬಾಲವನ್ನು ಹಿಂದಕ್ಕೆ ತಿರುಗಿಸುವುದು ಯಾವುದು? ನನಗೆ ತುಂಬಾ ಇಷ್ಟವಾದ ಭಾಗ ಇದು. ಸುಮ್ನೆ ಎಸೆಯುವ ತುಂಡು ಎನಿಸಿದ ಇಂಟ್ರಾನೇ ಇಲ್ಲಿ ಮುಖ್ಯ. ನಮ್ಮ ಜೀನೋಮಿನಲ್ಲಿ ಅಲು ಎಂಬ, ಸುಮಾರು 300 ಅಕ್ಷರಗಳ ತುಣುಕು 10 ಲಕ್ಷಕ್ಕೂ ಜಾಸ್ತಿ ಕಡೆ ಇದೆ. ಎಕ್ಸಾನ್‌ನ ಆಚೆ ಈಚೆ ಇರುವ ಇಂಟ್ರಾನ್‌ಗಳಲ್ಲಿ ಒಂದೊಂದು ಅಲು ಇದೆ, ಒಂದು ನೇರ, ಇನ್ನೊಂದು ತಿರುಗುಮುರುಗು ಅಂದುಕೊಳ್ಳಿ. ಆಗ ಆರ್‌ಎನ್‌ಎಯ ಅಕ್ಷರಗಳಲ್ಲಿ ಎ ಜೊತೆ ಯು, ಜಿ ಜೊತೆ ಸಿ ಸೇರಿ ಎರಡೂ ಹೆಣೆದುಕೊಳ್ಳುತ್ತವೆ. ನಡುವಿನ ಎಕ್ಸಾನ್ ಕುಣಿಕೆಯಂತೆ ಬಾಗುತ್ತದೆ. ದೂರವಿದ್ದ ತಲೆ, ಬಾಲ ಪಕ್ಕಪಕ್ಕ ಬರುತ್ತವೆ. ನನ್ನನ್ನು ಕಾಡಿದ ಆ ಎರಡನೇ ಎಕ್ಸಾನ್‌ನ ಎರಡೂ ಬದಿಯಲ್ಲಿ ಇಂಥ ಅಲುಗಳಿವೆ.

ಈ ಹೆಣಿಗೆಯನ್ನು ಬಿಚ್ಚುವ ಪ್ರೋಟೀನ್‌ಗಳೂ ಇವೆ. ಡಿಎಚ್‌ಎಕ್ಸ್9 ಅದನ್ನು ಬಿಡಿಸುತ್ತದೆ. ಅಡಾರ್1 ಅದರೊಳಗಿನ ಕೆಲವು ಎ ಅಕ್ಷರಗಳನ್ನೇ ಬದಲಿಸಿ ಸಡಿಲ ಮಾಡುತ್ತದೆ. ಇವು ಕಡಿಮೆಯಾದರೆ ಎಷ್ಟೋ ಉಂಗುರಗಳು ಜಾಸ್ತಿಯಾಗುತ್ತವೆ. ಕ್ವೇಕಿಂಗ್ ಎಂಬ ಪ್ರೋಟೀನ್‌ನದು ಉಲ್ಟಾ ಕೆಲಸ: ಎರಡೂ ಇಂಟ್ರಾನ್‌ಗಳ ಮೇಲೆ ಕೂತು ತುದಿಗಳನ್ನು ಹತ್ತಿರ ತರುತ್ತದೆ.

ಇನ್ನೊಂದು ದಾರಿಯೂ ಇದೆ. ಸ್ಪ್ಲೈಸಿಂಗ್ ಆಗುವಾಗ ಕೆಲವೊಮ್ಮೆ ಒಂದು ಎಕ್ಸಾನ್ ಬಿಟ್ಟುಹೋಗಿ, ಕತ್ತರಿಸಿ ತೆಗೆದ ಇಂಟ್ರಾನ್‌ನ ಕುಣಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಅದರ ತಲೆ, ಬಾಲ ಕೂಡಿಕೊಳ್ಳಬಹುದು.

ಇನ್ನು ತಪ್ಪಿನ ಪ್ರಶ್ನೆ. 1979ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮನುಷ್ಯರ ಕೋಶದ ಈ ಉಂಗುರಗಳು ಕಂಡಿದ್ದವು. ಸ್ಪ್ಲೈಸಿಂಗ್‌ನ ಎಡವಟ್ಟು ಎಂದು ಬಹಳ ಕಾಲ ಬದಿಗಿಟ್ಟರು. ನನಗೆ ಈಗಲೂ ಬೇಜಾರಾಗುವ ವಿಷಯ ಅದು. ತೀರಾ ಅಪರೂಪದ ಎಷ್ಟೋ ಉಂಗುರಗಳು ನಿಜಕ್ಕೂ ಎಡವಟ್ಟೇ ಇರಬಹುದು, ಒಪ್ಪುತ್ತೇನೆ. ಆದರೆ ಸಿಡಿಆರ್1ಎಎಸ್ ಎಂಬ ಉಂಗುರ ನೋಡಿ. ಅದು ಮಿದುಳಿನಲ್ಲಿ ಹೇರಳವಾಗಿದೆ. ಎಂಐಆರ್-7 ಎಂಬ ಪುಟಾಣಿ ಆರ್‌ಎನ್‌ಎ ಬಂದು ಕೂರಲು ಅದೊಂದರಲ್ಲೇ 70ಕ್ಕೂ ಹೆಚ್ಚು ಜಾಗಗಳಿವೆ. ಇದನ್ನು ಎಡವಟ್ಟು ಎನ್ನುವುದು ಕಷ್ಟ.