ಬುಟ್ಟಿಯಲ್ಲಿದ್ದದ್ದು ಬಂಗುಡೆ

ನಮಸ್ಕಾರ,

ಕರಾವಳಿಯ ಸಣ್ಣ ಮೀನುಗಳ ಹಿಂಡಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಸದ್ಯಕ್ಕೆ ವಾಪಸ್ ಕಳಿಸುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಹಿಡಿಸದ ಲೇಖನಕ್ಕೆ ನಾನು ಎರಡು ಸಾಲಿಗಿಂತ ಜಾಸ್ತಿ ಬರೆಯುವವನಲ್ಲ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವಾಗ ದೋಣಿಯ ಪಕ್ಕದಲ್ಲಿ ಒಂದು ಹಿಂಡು ಕಂಡಿತು, ಮರುದಿನ ಬಂದರಿನಲ್ಲಿ ಅದೇ ಮೀನು ಬುಟ್ಟಿಯಲ್ಲಿ ಸಿಕ್ಕಿತು, ಅದು ಭೂತಾಯಿ ಅಂತ ಬರೆದಿದ್ದೀರಿ. ನನ್ನ ತಕರಾರು ಆ 'ಅದೇ' ಮೇಲೆ. ನಿಮ್ಮ ಬುಟ್ಟಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆನ್ನಿನ ಮೇಲೆ ಎರಡು ರೆಕ್ಕೆ, ನಡುವೆ ಒಳ್ಳೆ ಅಂತರ. ಎರಡನೆಯದರ ಹಿಂದೆ, ಬಾಲದ ಕಡೆಗೆ, ಚೂರು ಚೂರು ರೆಕ್ಕೆಗಳ ಸಾಲು. ಎಣಿಸಿದರೆ ಐದು. ಪಕ್ಕದ ರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆ. ಅದು ಬಂಗುಡೆ ಸ್ವಾಮಿ! ಭೂತಾಯಿಗೆ ಬೆನ್ನಿನ ಮೇಲೆ ಒಂದೇ ರೆಕ್ಕೆ, ಅದೂ ನಡುಮಧ್ಯದಲ್ಲಿ. ಇನ್ನು ನೀರಿನಲ್ಲಿದ್ದ ಹಿಂಡು ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಂತಲೇ ಬರೆಯಿರಿ. ಮೇಲಿನಿಂದ ನೋಡಿದರೆ ಎಲ್ಲಕ್ಕೂ ಬೆನ್ನು ಕಪ್ಪು, ಹೊರಳಿದಾಗ ಪಕ್ಕ ಬೆಳ್ಳಿ. ಬಣ್ಣ ನೋಡಿ ಜಾತಿ ಹೇಳಲು ಹೋದರೆ ಎಂಥವರೂ ಎಡವುತ್ತಾರೆ.

ಬೆಂಗಳೂರಲ್ಲಿ ಕೂತು ಕಡಲ ಮೀನು ಹೇಗೆ ನೋಡಲಿ ಅಂತ ಕೇಳಬೇಡಿ. ಬೆಳಗ್ಗೆ ಬೇಗ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗಿ. ಭೂತಾಯಿ ಅರ್ಧ ಕೆಜಿ, ಬಂಗುಡೆ ಅರ್ಧ ಕೆಜಿ, ಸಿಕ್ಕರೆ ಒಂದಿಷ್ಟು ನೆತ್ತಿಲಿ ತನ್ನಿ. ಕ್ಲೀನ್ ಮಾಡಿಸಬೇಡಿ, ಇಡೀ ಮೀನೇ ಬೇಕು. ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟು, ಭೂತಾಯಿಯ ಹೊಟ್ಟೆಯ ಅಂಚಿನಲ್ಲಿ ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿ. ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ. ತಲೆಯಿಂದ ಬಾಲಕ್ಕೆ ಸವರಿದರೆ ಅಷ್ಟು ಗೊತ್ತಾಗುವುದಿಲ್ಲ. ಬಂಗುಡೆಗೆ ಈ ಗರಗಸವೇ ಇಲ್ಲ. ನೆತ್ತಿಲಿಯ ಬಾಯಿ ನೋಡಿ: ಮೂತಿ ಮುಂದಕ್ಕೆ ಚಾಚಿದೆ, ಬಾಯಿ ಅದರ ಕೆಳಗೆ, ತೆರೆದರೆ ಸೀಳು ಕಣ್ಣಿನ ಹಿಂದಕ್ಕೂ ಹೋಗುತ್ತದೆ. ಒಂದು ಸಲ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಅಂದಹಾಗೆ, ಭೂತಾಯಿ ಅನ್ನುವುದರಲ್ಲೂ ಎಚ್ಚರ ಬೇಕು. ಅದು ಒಂದು ಜಾತಿಯ ಸಾರ್ಡೀನ್, ಹತ್ತಿರದ ಬೇರೆ ಸಾರ್ಡೀನ್‌ಗಳೂ ಅದೇ ಬುಟ್ಟಿಗೆ ಬೀಳುತ್ತವೆ. ಭೂತಾಯಿಯ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. 'ಲಾಂಜಿಸೆಪ್ಸ್' ಅಂದರೆ ಉದ್ದ ತಲೆಯದು. ಮೈ ಕೂಡ ಅಷ್ಟು ಚಪ್ಪಟೆ ಅಲ್ಲ, ಸ್ವಲ್ಪ ದುಂಡಗೆ. ಅನುಮಾನ ಬಂದರೆ ಹೊಟ್ಟೆಯ ಕೆಳಗಿನ ರೆಕ್ಕೆಯ ಕಡ್ಡಿ ಎಣಿಸಿ. ಇದಕ್ಕೆ 9, ನಮ್ಮ ಕಡಲಿನ ಉಳಿದ ಸಾರ್ಡೀನ್‌ಗಳಿಗೆ ಸಾಮಾನ್ಯವಾಗಿ 8. ಭೂತಗನ್ನಡಿ ಬೇಕಾಗಬಹುದು.

ಭೂತಾಯಿ ಅಂದ ಕೂಡಲೇ ಭೂಮಿತಾಯಿಯ ಮೇಲೆ ಒಂದು ಪುಟ ಬರೆದಿದ್ದೀರಲ್ಲ, ಅದನ್ನು ತೆಗೆದುಬಿಡಿ. ಹೆಸರಿನ ಮೂಲ ಅದೇ ಅನ್ನಲು ಲೇಖನದಲ್ಲಿ ಆಧಾರವೇ ಇಲ್ಲ. ಅದರ ಬದಲು ಇದೇ ಮೀನು ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ ಅಂತ ಹೇಳಿ. ಓದುವವರಿಗೆ ಮಾರ್ಕೆಟ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ.

'ನಾಯಕ ಮೀನು ಮುಂದೆ, ಸೈನ್ಯ ಹಿಂದೆ' ಅನ್ನುವ ಸಾಲೂ ತಪ್ಪು. ಹಿಂಡಿಗೆ ನಾಯಕ ಇಲ್ಲ. ಪ್ರತಿ ಮೀನೂ ಅಕ್ಕಪಕ್ಕದವನ್ನು ನೋಡಿಕೊಂಡು ತಿರುಗುತ್ತದೆ. ಹಿಂಡು ಹೊರಳಿದರೆ ಪಕ್ಕದಲ್ಲಿದ್ದವೇ ಮುಂದಾಗುತ್ತವೆ. ಸೂರ್ಯಾಸ್ತದ ಮೂರು ಪ್ಯಾರಾ ಬಗ್ಗೆ ಏನೂ ಹೇಳುವುದಿಲ್ಲ, ನೀವೇ ಹೊಡೆದು ಹಾಕುತ್ತೀರಿ ಅಂದುಕೊಂಡಿದ್ದೇನೆ.

ನನಗೆ ಹಿಡಿಸಿದ್ದು ನಾಲ್ಕನೇ ಪುಟದ ಒಂದೇ ಒಂದು ಸಾಲು. ದೋಣಿ ನುಗ್ಗಿದಾಗ ಹಿಂಡು ಎರಡಾಗಿ ಸೀಳಿ, ಎರಡೂ ಬದಿಯಿಂದ ಸುತ್ತಿ ಬಂದು ದೋಣಿಯ ಹಿಂದೆ ಮತ್ತೆ ಕೂಡಿಕೊಂಡಿತು ಅಂತ ಬರೆದಿದ್ದೀರಿ. ಅದು ಕಣ್ಣಾರೆ ಕಂಡವರು ಮಾತ್ರ ಬರೆಯುವ ಸಾಲು. ಮೀನಿನ ಹಿಂಡು ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳುವುದೂ ಹೀಗೇ. ಲೇಖನ ಅಲ್ಲಿಂದಲೇ ಶುರುವಾಗಲಿ. ಆಮೇಲೆ ಬಂದರು, ಬುಟ್ಟಿ, ನೀವು ಮೋಸ ಹೋದದ್ದು. ಹೌದು, ಅದನ್ನೂ ಬರೆಯಿರಿ, ಓದಲು ಮಜಾ ಇರುತ್ತದೆ.

ತಿದ್ದಿ ಕಳಿಸುವಾಗ ಹೊಸ ಫೋಟೋ ಇರಲಿ. ತಲೆ ಎಡಕ್ಕೆ, ರೆಕ್ಕೆ ಬಿಡಿಸಿ, ಪಕ್ಕದಲ್ಲೊಂದು ಸ್ಕೇಲ್. ಸಾರು ಮಾಡುವ ಮುಂಚೆ ತೆಗೆಯಿರಿ.