ದಿನಗಳನ್ನೇ ಒಂದು ಟೇಬಲ್ ಮಾಡಿಡಿ, ಲೂಪ್ ಬೇಕಾಗುವುದಿಲ್ಲ

ನಿಮ್ಮ ಡೇಟಾಬೇಸ್‌ನ ಮಳೆ ಟೇಬಲ್‌ನಲ್ಲಿ ಮಳೆ ಬಂದ ದಿನಗಳು ಮಾತ್ರ ಇವೆ. ಬಾರದ ದಿನಕ್ಕೆ ಸೊನ್ನೆ ತೋರಿಸಲು ಒಂದೊಂದು ತಾರೀಖಿಗೂ ಲೂಪ್‌ನಲ್ಲಿ (ಮತ್ತೆ ಮತ್ತೆ ಸುತ್ತುವ ಕೋಡ್‌ನಲ್ಲಿ) ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಓಡಿಸುತ್ತಿದ್ದೀರಿ, ಅದು ತುಂಬ ನಿಧಾನ ಅಂದಿರಿ. ಅತಿ ಉದ್ದದ ಒಣ ಅವಧಿ ಹುಡುಕುವುದು ಹೇಗೆ ಅಂತಲೂ ಕೇಳಿದ್ದೀರಿ.

ಟೇಬಲ್‌ನಲ್ಲಿ ಇಲ್ಲದ ದಿನ ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವುದು) ಮಾಡಿದರೆ ಎಲ್ಲಿಂದ ಬರಬೇಕು, ಅಲ್ವಾ? ಅದಕ್ಕೇ ಕ್ಯಾಲೆಂಡರ್ ಟೇಬಲ್ ಒಂದು ಬೇಕು. ದಿನಕ್ಕೆ ಒಂದು ಸಾಲು, ಅಷ್ಟೆ. 2001ರಿಂದ 2050ರವರೆಗೆ ತುಂಬಿದರೂ 18,262 ಸಾಲು. ಡೇಟಾಬೇಸ್‌ಗೆ ಅದು ಏನೂ ಅಲ್ಲ. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ ಜನರೇಟ್ ಸೀರೀಸ್ ಎಂಬ ಫಂಕ್ಷನ್ ಒಂದೇ ಏಟಿಗೆ ತುಂಬಿಕೊಡುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲು ಹುಟ್ಟಿಸುವ ವಿತ್ ರಿಕರ್ಸಿವ್ ಬಳಸಿ. ಅದು ಸುಮ್ನೆ ಬಿಟ್ಟರೆ 1000 ಸುತ್ತಿಗೆ ಎರರ್ ಕೊಟ್ಟು ನಿಲ್ಲುತ್ತದೆ, ಮಿತಿಯನ್ನು ಮೊದಲೇ ಏರಿಸಿಕೊಳ್ಳಿ.

ಆಮೇಲೆ ಕ್ಯಾಲೆಂಡರ್ ಎಡಕ್ಕೆ, ಮಳೆ ಟೇಬಲ್ ಬಲಕ್ಕೆ ಇಟ್ಟು ಲೆಫ್ಟ್ ಜಾಯಿನ್ ಮಾಡಿ, ಬಲಕ್ಕೆ ಜೋಡಿ ಸಿಗದಿದ್ದರೂ ಎಡದ ಸಾಲುಗಳೆಲ್ಲ ಉಳಿಯುತ್ತವೆ. ಜಾಸ್ತಿ ಜನ ಎಡವುವುದು ಇಲ್ಲೇ. ಯಾವ ಮಳೆ ಮಾಪಕದ ಅಳತೆ ಎಂಬ ಷರತ್ತನ್ನು ವೇರ್‌ನಲ್ಲಿ (ಜಾಯಿನ್ ಆದ ಮೇಲೆ ಸಾಲು ಸೋಸುವ ಭಾಗ) ಬರೆದರೆ ಖಾಲಿ ದಿನಗಳೆಲ್ಲ ಮತ್ತೆ ಉದುರಿಹೋಗುತ್ತವೆ. ಆ ಷರತ್ತು ಆನ್ (ಎರಡು ಟೇಬಲ್ ಹೇಗೆ ಜೋಡಿಸಬೇಕು ಎಂದು ಹೇಳುವ ಭಾಗ) ಜೊತೆಯಲ್ಲೇ ಇರಬೇಕು. ಹಾಗೆಯೇ ಎಲ್ಲ ಸಾಲನ್ನೂ ಎಣಿಸುವ ಕೌಂಟ್ ಸ್ಟಾರ್ ಹಾಕಿದರೆ ಖಾಲಿ ದಿನವೂ ಒಂದು ಎಂದು ಎಣಿಕೆಯಾಗುತ್ತದೆ. ಮಳೆ ಟೇಬಲ್‌ನ ಕಾಲಂ ಹೆಸರು ಕೊಟ್ಟೇ ಎಣಿಸಿ.

ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ ಜಾಗ, ಬಂದಲ್ಲಿ ಸೊನ್ನೆ ತರಲು ಕೋಅಲೆಸ್ ಎಂಬ ಫಂಕ್ಷನ್ ಇದೆ. ಆದರೆ ದಯವಿಟ್ಟು ಒಂದು ಯೋಚಿಸಿ: ಅಳೆಯಲು ಮರೆತ ದಿನವೂ ಹೀಗೆ ಸೊನ್ನೆಯಾಗಿಬಿಡುತ್ತದೆ. ಮಳೆ ಬರಲಿಲ್ಲ ಅನ್ನುವುದು ಬೇರೆ, ನೋಡಲಿಲ್ಲ ಅನ್ನುವುದು ಬೇರೆ. ನನ್ನನ್ನು ಕೇಳಿದರೆ, ನೋಡಿದ ದಿನ ಮಳೆ ಇಲ್ಲದಿದ್ದರೂ ಸೊನ್ನೆ ಬರೆದಿಡಿ, ನಲ್ ಅನ್ನು ನಲ್ ಆಗಿಯೇ ತೋರಿಸಿ.

ಕಾಲಂನಲ್ಲಿ ತಾರೀಖಿನ ಜೊತೆ ಸಮಯವೂ ಇದ್ದರೆ, ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳುವ ಬಿಟ್ವೀನ್ ಬೇಡ. ಜೂನ್ 1ರಿಂದ 30 ಎಂದು ಬರೆದರೆ 30ನೇ ತಾರೀಖು ಶುರುವಾಗುವ ನಡುರಾತ್ರಿ 12 ಗಂಟೆಗೇ ನಿಂತುಬಿಡುತ್ತದೆ, ಆ ದಿನದ ಮಳೆ ಲೆಕ್ಕಕ್ಕೆ ಸಿಗುವುದಿಲ್ಲ. ಜೂನ್ 1 ಅಥವಾ ನಂತರ, ಜುಲೈ 1ಕ್ಕಿಂತ ಮೊದಲು ಎಂದು ಬರೆಯಿರಿ. ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಕೂಡ ಕೆಲಸಕ್ಕೆ ಬರುತ್ತದೆ.

ಇನ್ನು ಒಣ ಅವಧಿ. ಒಣ ದಿನಗಳನ್ನು ಮಾತ್ರ ತೆಗೆದುಕೊಂಡು ತಾರೀಖಿನ ಕ್ರಮದಲ್ಲಿ ರೋ ನಂಬರ್ (1, 2, 3 ಎಂಬ ಸಾಲು ಸಂಖ್ಯೆ) ಕೊಡಿ. ಪ್ರತಿ ತಾರೀಖಿನಿಂದ ಅದರ ನಂಬರಿನಷ್ಟು ದಿನ ಕಳೆಯಿರಿ. ಬೆನ್ನುಬೆನ್ನಿಗೆ ಬಂದ ದಿನಗಳಿಗೆಲ್ಲ ಒಂದೇ ತಾರೀಖು ಉಳಿಯುತ್ತದೆ. ಅದರ ಮೇಲೆ ಗ್ರೂಪ್ ಬೈ ಮಾಡಿ ಎಣಿಸಿ, ದೊಡ್ಡದನ್ನು ಮೇಲಕ್ಕೆ ತನ್ನಿ. ಇದಕ್ಕೂ ಲೂಪ್ ಬೇಡ.